ಅಂಚಿನ ಮರ್ಯಾದೆ

ಹೊಲಕ್ಕೆ ಬದು, ಮನೆಗೆ ಹೊಸ್ತಿಲು, ಬಾವಿಗೆ ಕಟ್ಟೆ, ಸೀರೆಗೆ ಅಂಚು — ಹೀಗೆ ಮನುಷ್ಯನು ತನಗೆ ಬೆಲೆಯುಳ್ಳದ್ದೆಂದು ತೋರಿದ ವಸ್ತುಗಳಿಗೆಲ್ಲ ಒಂದು ಮೇರೆಯನ್ನು ಕಟ್ಟಿದ್ದಾನೆ. ಮೇರೆಯಿಲ್ಲದ ವಸ್ತುವಿನ ಮೇಲೆ ಕಣ್ಣು ನಿಲ್ಲುವುದಿಲ್ಲ, ಮನಸ್ಸೂ ನಿಲ್ಲುವುದಿಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದಿರುವ ‘ಮರ್ಯಾದೆ’ ಎಂಬ ಮಾತಿಗೆ ಎಲ್ಲೆ, ಗಡಿ ಎಂಬ ಅರ್ಥವೂ ಉಂಟು. ಗೌರವ, ಸನ್ನಡತೆ ಎಂಬ ಅರ್ಥವೂ ಉಂಟು. ತನ್ನ ಎಲ್ಲೆಯನ್ನು ಅರಿತು ನಡೆಯುವುದೇ ಮರ್ಯಾದೆ ಎಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿಯೇ ಅಡಗಿದೆ. ಛಾಯಾಚಿತ್ರಗಳ ಸುತ್ತ ಅಲಂಕಾರದ ಅಂಚು ಕಟ್ಟುವ ಕಲೆಗೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಈ ಕಲೆ ಇಂದು ಗಣಕಯಂತ್ರದ ಕೆಲಸವಾಗಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿರುವ ಕೆಂಗೇರಿ ಉಪನಗರದಂತಹ ಬಡಾವಣೆಯಲ್ಲಿ ಇದನ್ನು ಕಾಣುವುದು ಕಷ್ಟವಲ್ಲ. ಅಲ್ಲಿಯ ಫೋಟೋ ಸ್ಟುಡಿಯೋಗಳಿಗೆ ಒಬ್ಬರು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಕ್ಕಾಗಿ ಬಂದರೆ, ಇನ್ನೊಬ್ಬರು ಮದುವೆಯ ಆಲ್ಬಮ್ಮಿಗಾಗಿ ಬರುತ್ತಾರೆ. ಮತ್ತೊಬ್ಬರು ಮಾಸಿಹೋದ ಹಳೆಯ ಚಿತ್ರವೊಂದನ್ನು ಕೈಚೀಲದಲ್ಲಿ ಜೋಪಾನವಾಗಿ ತಂದು, ಇದನ್ನು ಹೊಸದು ಮಾಡಿಕೊಡಿ ಎಂದು ಕೇಳುತ್ತಾರೆ. ಸ್ಟುಡಿಯೋದವರು ಆ ಚಿತ್ರವನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟು ಗಣಕಕ್ಕೆ ಇಳಿಸಿ, ಕಲೆಗಳನ್ನು ಅಳಿಸಿ, ಸುತ್ತ ಹೂವಿನದೋ ಬಳ್ಳಿಯದೋ ಒಂದು ಅಂಚನ್ನು ಕೂಡಿಸಿ ಅಚ್ಚು ಹಾಕಿಕೊಡುತ್ತಾರೆ. ಒಂದು ಗಂಟೆಯೊಳಗೆ ಮುಗಿಯುವ ಈ ಕೆಲಸದ ಹಿಂದೆ ಬಹುಕಾಲದ ಪರಂಪರೆಯಿದೆ; ಅದರಲ್ಲಿ ಬಹಳ ಎಚ್ಚರವೂ ಬೇಕಾಗಿದೆ.

ಕನ್ನಡ ನಾಡಿನ ಕುಶಲಕರ್ಮಿಗಳಿಗೆ ಅಂಚಿನ ಮಹತ್ವ ಹೊಸದಲ್ಲ. ಹನ್ನೆರಡನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಆನೆಗಳು, ಸಿಂಹಗಳು, ಬಳ್ಳಿಯ ಸುರುಳಿಗಳು, ಕುದುರೆಯ ಸವಾರರು, ಪುರಾಣಕಥೆಗಳು, ಮಕರಗಳು, ಹಂಸಗಳು ಒಂದರ ಮೇಲೊಂದು ಪಟ್ಟಿಕೆಗಳಾಗಿ ಸಾಗುತ್ತವೆ. ಮೇಲಿನ ಗೋಡೆಯ ದೊಡ್ಡ ಮೂರ್ತಿಗಳಿಗೆ ಆ ಪಟ್ಟಿಕೆಗಳೇ ಅಂಚು. ಅವು ಎಷ್ಟೇ ಸುಂದರವಾಗಿದ್ದರೂ ಮೂರ್ತಿಯ ಮೇಲೆ ಹತ್ತಿ ಕುಳಿತುಕೊಳ್ಳುವುದಿಲ್ಲ; ತಮ್ಮ ಪಟ್ಟಿಯಲ್ಲಿ ತಾವು ನಡೆಯುತ್ತವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ನೋಡಿದರೂ ಇದೇ ಕಾಣುತ್ತದೆ. ಒಡಲು ಹತ್ತಿಯದಾಗಿರುವ ಎಷ್ಟೋ ಸೀರೆಗಳಲ್ಲಿ ಅಂಚು ರೇಷ್ಮೆಯ ಎಳೆಯದಾಗಿರುತ್ತದೆ. ಆದರೆ ನೇಕಾರನು ಒಡಲನ್ನು ನೇಯ್ದು ಮುಗಿಸಿದ ಮೇಲೆ ಅಂಚನ್ನು ತಂದು ಅಂಟಿಸುವುದಿಲ್ಲ. ಮಗ್ಗಕ್ಕೆ ಹಾಸು ಹೂಡುವಾಗಲೇ ಅಂಚಿಗೆ ಎಷ್ಟು ಎಳೆ, ಒಡಲಿಗೆ ಎಷ್ಟು ಎಳೆ ಎಂದು ಎಣಿಸಿಕೊಳ್ಳುತ್ತಾನೆ. ಒಡಲಿನ ಪಾಲನ್ನು ಕಸಿದುಕೊಳ್ಳದೆ ತನ್ನ ಪಾಲಿನಲ್ಲಿ ಬೆಳಗುವುದು ಒಳ್ಳೆಯ ಅಂಚಿನ ಲಕ್ಷಣ.

ಛಾಯಾಚಿತ್ರವು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1839ರಲ್ಲಿ ಫ್ರಾನ್ಸಿನ ಡಾಗೆರ್ ಎಂಬಾತನ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಅದಾದ ಸುಮಾರು ಹದಿನೈದು ವರ್ಷಗಳಲ್ಲಿ ಕ್ಯಾಮರಾ ಕನ್ನಡ ನಾಡಿನ ಗುಡಿಗಳ ಮುಂದೆ ನಿಂತಿತ್ತು. ಮದರಾಸಿನ ಸೈನ್ಯದಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿಯು 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳಿಗೆ ಬಂದು ಚಿತ್ರಗಳನ್ನು ತೆಗೆದನು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು ದೊಡ್ಡದೊಂದು ಛಾಯಾಚಿತ್ರ ಗ್ರಂಥವೇ ಪ್ರಕಟವಾಯಿತು. ಆ ಕಾಲದ ಛಾಯಾಚಿತ್ರಗಳನ್ನು ತೆಳುವಾದ ಕಾಗದದ ಮೇಲೆ ಮೂಡಿಸುತ್ತಿದ್ದರು. ಕಾಗದ ಸುರುಳಿ ಸುತ್ತಿಕೊಳ್ಳದಿರಲೆಂದು ಅದನ್ನು ದಪ್ಪನೆಯ ರಟ್ಟಿಗೆ ಅಂಟಿಸುತ್ತಿದ್ದರು. ಚಿತ್ರಕ್ಕಿಂತ ರಟ್ಟು ದೊಡ್ಡದಾದ್ದರಿಂದ ಸುತ್ತಲೂ ಒಂದಿಷ್ಟು ಬಯಲು ಉಳಿಯುತ್ತಿತ್ತು. ಕ್ರಮೇಣ ಆ ಬಯಲಿನಲ್ಲಿ ಹೊಂಬಣ್ಣದ ಗೆರೆಗಳು, ಬಳ್ಳಿಗಳು, ಸ್ಟುಡಿಯೋದ ಹೆಸರು, ಊರಿನ ಹೆಸರು ಕಾಣಿಸಿಕೊಂಡವು. ಹೀಗೆ ಛಾಯಾಚಿತ್ರದ ಅಂಚು ಮೊದಲು ಅವಶ್ಯಕತೆಯಾಗಿದ್ದು ಆಮೇಲೆ ಅಲಂಕಾರವಾಯಿತು.

ಕತ್ತಲೆಕೋಣೆಯಲ್ಲಿ ಚಿತ್ರಗಳನ್ನು ಮೂಡಿಸುತ್ತಿದ್ದ ದಿನಗಳಲ್ಲಿಯೂ ಹೀಗೆಯೇ ನಡೆಯಿತು. ಬೆಳಕಿಗೆ ಒಡ್ಡುವಾಗ ಕಾಗದವು ಅಲುಗಾಡದಂತೆ ಲೋಹದ ಪಟ್ಟಿಗಳು ಅದರ ನಾಲ್ಕು ಬದಿಗಳನ್ನು ಅದುಮಿ ಹಿಡಿಯುತ್ತಿದ್ದವು. ಪಟ್ಟಿಯ ಅಡಿಗೆ ಬೆಳಕು ತಾಗದೆ ಕಾಗದ ಬಿಳಿಯಾಗಿಯೇ ಉಳಿಯುತ್ತಿತ್ತು. ಹಳೆಯ ಕಪ್ಪು ಬಿಳುಪು ಚಿತ್ರಗಳ ಸುತ್ತ ಕಾಣುವ ಬಿಳಿಯ ಅಂಚು ಹುಟ್ಟಿದ್ದು ಹೀಗೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವ ರೂಢಿಯೂ ಬಂದಿತು. ಮುಖದ ಸುತ್ತ ಚಿತ್ರವು ಮಂಜಿನಲ್ಲಿ ಕರಗಿದಂತೆ ಕಾಣಬೇಕಾದರೆ, ಮೊಟ್ಟೆಯಾಕಾರದ ರಂಧ್ರವುಳ್ಳ ರಟ್ಟೊಂದನ್ನು ಮಸೂರಕ್ಕೂ ಕಾಗದಕ್ಕೂ ನಡುವೆ ಹಿಡಿದು ಮೆಲ್ಲಮೆಲ್ಲನೆ ಆಡಿಸುತ್ತಿದ್ದರು. ಈ ಬಗೆಯ ಚಿತ್ರಕ್ಕೆ ‘ವಿನ್ಯೆಟ್’ ಎಂದು ಹೆಸರು. ಅದು ದ್ರಾಕ್ಷಿಯ ಬಳ್ಳಿ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದುದು. ಹಿಂದೆ ಪುಸ್ತಕಗಳ ಅಂಚಿನಲ್ಲಿ ಬಿಡಿಸುತ್ತಿದ್ದ ಬಳ್ಳಿಯ ಚಿತ್ತಾರಕ್ಕೆ ಆ ಹೆಸರಿತ್ತು. ಹಳೇಬೀಡಿನ ಶಿಲ್ಪಿಗೂ ಫ್ರಾನ್ಸಿನ ಮುದ್ರಕನಿಗೂ ಅಂಚು ಎಂದೊಡನೆ ಬಳ್ಳಿಯೇ ನೆನಪಾದುದು ಸಂತೋಷಪಡಬೇಕಾದ ಸಂಗತಿ.

ಗಣಕಯಂತ್ರದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕಾದರೆ, ಗಣಕಕ್ಕೆ ಚಿತ್ರವೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಅಂಗಳದಲ್ಲಿ ರಂಗೋಲಿ ಹಾಕುವವರು ಮೊದಲು ಸಾಲುಸಾಲಾಗಿ ಚುಕ್ಕಿಗಳನ್ನು ಇಡುತ್ತಾರೆ. ಗಣಕದ ಚಿತ್ರವೂ ಹಾಗೆಯೇ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೂ ‘ಪಿಕ್ಸೆಲ್’ ಎಂದು ಹೆಸರು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿಯು ತನ್ನ ಎಳೆಯ ಮಗನ ಛಾಯಾಚಿತ್ರವನ್ನು ಮೊದಲ ಬಾರಿಗೆ ಗಣಕಕ್ಕೆ ಇಳಿಸಿದಾಗ ಅದರಲ್ಲಿ ಉದ್ದಕ್ಕೆ 176, ಅಗಲಕ್ಕೆ 176, ಒಟ್ಟು 30,976 ಚುಕ್ಕಿಗಳಿದ್ದವು. ಇಂದು ಹತ್ತು ಅಂಗುಲ ಉದ್ದ, ಎಂಟು ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ 3000 ಇಂಟು 2400, ಅಂದರೆ 72 ಲಕ್ಷ ಚುಕ್ಕಿಗಳಾಗುತ್ತವೆ. ಪ್ರತಿಯೊಂದು ಚುಕ್ಕಿಯಲ್ಲಿಯೂ ಕೆಂಪು, ಹಸಿರು, ನೀಲಿ ಬೆಳಕುಗಳು ಎಷ್ಟೆಷ್ಟು ಇವೆ ಎಂಬುದನ್ನು ಸೊನ್ನೆಯಿಂದ 255ರವರೆಗಿನ ಸಂಖ್ಯೆಗಳಲ್ಲಿ ಬರೆದಿಡಲಾಗುತ್ತದೆ. ಆದುದರಿಂದ ಗಣಕದಲ್ಲಿ ಅಂಚು ಕಟ್ಟುವುದೆಂದರೆ ಸಂಖ್ಯೆಗಳನ್ನು ಸೇರಿಸುವುದು, ಇಲ್ಲವೆ ಬದಲಾಯಿಸುವುದು.

ಇಂತಹ ಕೆಲಸಕ್ಕೆ ಹಲವು ತಂತ್ರಾಂಶಗಳಿವೆ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಆರಂಭಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬುವರು, 1995ರಲ್ಲಿ ಕೈಗೊಂಡ ‘ಗಿಂಪ್’ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಹೆಸರು ಬೇರೆಯಾದರೂ ಇವುಗಳ ಮೂಲತತ್ತ್ವ ಒಂದೇ. ಅದು ಪದರಗಳ ತತ್ತ್ವ. ಒಂದರ ಮೇಲೊಂದು ಗಾಜಿನ ಹಾಳೆಗಳನ್ನು ಇಟ್ಟು, ಕೆಳಗಿನ ಹಾಳೆಯಲ್ಲಿ ಛಾಯಾಚಿತ್ರವನ್ನೂ ಮೇಲಿನ ಹಾಳೆಯಲ್ಲಿ ಅಂಚನ್ನೂ ಬಿಡಿಸಿದರೆ ಮೇಲಿನಿಂದ ನೋಡುವವನಿಗೆ ಎರಡೂ ಸೇರಿ ಒಂದೇ ಚಿತ್ರವಾಗಿ ಕಾಣುತ್ತದೆ. ಅಂಚು ಬೇಡವೆನಿಸಿದರೆ ಮೇಲಿನ ಹಾಳೆಯನ್ನು ತೆಗೆದಿಟ್ಟರೆ ಸಾಕು. ಈ ಹಾಳೆಗಳನ್ನೇ ತಂತ್ರಾಂಶದಲ್ಲಿ ‘ಲೇಯರ್’ ಎನ್ನುತ್ತಾರೆ.

ಅಂಚು ಕಟ್ಟುವ ಮೊದಲನೆಯ ವಿಧಾನ ಅತ್ಯಂತ ಸರಳವಾದುದು. ಚಿತ್ರವನ್ನು ಮುಟ್ಟದೆ ಅದರ ಸುತ್ತಣ ಬಯಲನ್ನು ಹಿಗ್ಗಿಸುವುದೇ ಆ ವಿಧಾನ. ಬಯಲಿಗೆ ತಂತ್ರಾಂಶದಲ್ಲಿ ‘ಕ್ಯಾನ್‌ವಾಸ್’ ಎಂದು ಹೆಸರು. ಮೇಲೆ ಹೇಳಿದ ಹತ್ತಂಗುಲದ ಚಿತ್ರಕ್ಕೆ ನಾಲ್ಕೂ ಕಡೆ ಒಂದೊಂದು ಅಂಗುಲ ಅಂಚು ಬೇಕೆಂದರೆ ಬಯಲನ್ನು 3600 ಇಂಟು 3000 ಚುಕ್ಕಿಗಳಿಗೆ ಹಿಗ್ಗಿಸಿ, ಚಿತ್ರವನ್ನು ನಡುವೆ ನಿಲ್ಲಿಸಿ, ಉಳಿದ ಜಾಗಕ್ಕೆ ಬಣ್ಣ ತುಂಬಬೇಕು. ಇಲ್ಲಿ ಒಂದು ತಪ್ಪು ಆಗಾಗ ನಡೆಯುತ್ತದೆ. ಬಯಲನ್ನು ಹಿಗ್ಗಿಸುವುದರ ಬದಲು ಚಿತ್ರವನ್ನೇ ಹಿಗ್ಗಿಸಿದರೆ ಮುಖಗಳು ಅಗಲವಾಗುತ್ತವೆ. ಬಯಲನ್ನು ಹಿಗ್ಗಿಸದೆ ಅಂಚನ್ನು ಚಿತ್ರದ ಮೇಲೆಯೇ ಹೊದಿಸಿದರೆ ಸುತ್ತಲೂ ಒಂದಂಗುಲ ಚಿತ್ರ ಮುಚ್ಚಿಹೋಗುತ್ತದೆ. ಹತ್ತಕ್ಕೆ ಎಂಟು ಎಂದರೆ ಎಂಬತ್ತು ಚದರ ಅಂಗುಲ. ಸುತ್ತ ಒಂದೊಂದು ಅಂಗುಲ ಮುಚ್ಚಿದರೆ ಉಳಿಯುವುದು ಎಂಟಕ್ಕೆ ಆರು, ಅಂದರೆ ನಲವತ್ತೆಂಟು ಚದರ ಅಂಗುಲ ಮಾತ್ರ. ತೆಳ್ಳಗೆ ಕಾಣುವ ಅಂಚು ಚಿತ್ರದ ಐದು ಪಾಲುಗಳಲ್ಲಿ ಎರಡು ಪಾಲನ್ನು ನುಂಗಿರುತ್ತದೆ!

ಎರಡನೆಯದು ಅಂಚನ್ನು ಮೃದುವಾಗಿ ಕರಗಿಸುವ ವಿಧಾನ. ಕತ್ತಲೆಕೋಣೆಯಲ್ಲಿ ರಟ್ಟನ್ನು ಆಡಿಸಿ ಮಾಡುತ್ತಿದ್ದ ಕೆಲಸವನ್ನು ಗಣಕದಲ್ಲಿ ‘ಮಾಸ್ಕ್’, ಅಂದರೆ ಮುಸುಕು ಮಾಡುತ್ತದೆ. ಮುಸುಕು ಕಪ್ಪು ಬಿಳುಪಿನ ಒಂದು ಹಾಳೆ. ಅದು ಬಿಳಿಯಾಗಿರುವಲ್ಲಿ ಚಿತ್ರ ಕಾಣುತ್ತದೆ, ಕಪ್ಪಾಗಿರುವಲ್ಲಿ ಮರೆಯಾಗುತ್ತದೆ, ಬೂದು ಬಣ್ಣವಿರುವಲ್ಲಿ ಅರೆಬರೆಯಾಗಿ ಕಾಣುತ್ತದೆ. ಚಿತ್ರದ ಒಂದು ಚುಕ್ಕಿಯ ಬೆಳಕು 200, ಅಂಚಿನ ಬಣ್ಣದ ಬೆಳಕು 40 ಎಂದು ಇಟ್ಟುಕೊಳ್ಳಬಹುದು. ಮುಸುಕು ಮುಕ್ಕಾಲು ಪಾಲು ತೆರೆದಿರುವಲ್ಲಿ 200ರ ಮುಕ್ಕಾಲು ಪಾಲಿಗೆ 40ರ ಕಾಲು ಪಾಲು ಸೇರಿ 160 ಆಗುತ್ತದೆ. ಅರ್ಧ ತೆರೆದಿರುವಲ್ಲಿ 120, ಕಾಲು ತೆರೆದಿರುವಲ್ಲಿ 80. ಹೀಗೆ ಬೆಳಕು 200ರಿಂದ 40ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ ಎಲ್ಲಿ ಚಿತ್ರ ಮುಗಿಯಿತು, ಎಲ್ಲಿ ಅಂಚು ಮೊದಲಾಯಿತು ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಹಕ್ಕಿಯ ಗರಿಯ ತುದಿಯಂತೆ ನವುರಾಗಿರುವುದರಿಂದ ಇದನ್ನು ‘ಫೆದರ್’ ಎಂದು ಕರೆಯುತ್ತಾರೆ. ಮುಸುಕಿನ ಅಂಚಿಗೆ ಅಡ್ಡಾದಿಡ್ಡಿಯಾಗಿ ಚುಕ್ಕಿಗಳನ್ನು ಚೆಲ್ಲಿ ಸ್ವಲ್ಪ ಮಸುಕುಗೊಳಿಸಿದರೆ ಕೈಯಿಂದ ಹರಿದ ಕಾಗದದಂತಹ ಅಂಚು ಮೂಡುತ್ತದೆ.

ಮೂರನೆಯದು ಚಿತ್ತಾರದ ಅಂಚು. ಇದರಲ್ಲಿ ಒಂದು ಹೂವನ್ನೋ ಬಳ್ಳಿಯ ಒಂದು ಸುತ್ತನ್ನೋ ಬಿಡಿಸಿ, ಅದನ್ನೇ ನಾಲ್ಕು ಬದಿಗಳಲ್ಲಿಯೂ ಮತ್ತೆ ಮತ್ತೆ ಕೂರಿಸುತ್ತಾರೆ. ಇಲ್ಲಿ ನೇಕಾರನ ಎಣಿಕೆ ಬೇಕು. ಬಯಲು 3600 ಇಂಟು 3000 ಇದ್ದು, ಹೂವಿನ ಅಳತೆ 300 ಚುಕ್ಕಿಗಳಾದರೆ ಉದ್ದಕ್ಕೆ ಹನ್ನೆರಡು, ಎತ್ತರಕ್ಕೆ ಹತ್ತು ಹೂಗಳು ಸರಿಯಾಗಿ ಕೂಡುತ್ತವೆ. ಮೂಲೆಯ ನಾಲ್ಕು ಹೂಗಳು ಎರಡೂ ಬದಿಗಳಿಗೆ ಸೇರುವುದರಿಂದ ಒಟ್ಟು ನಲವತ್ತು ಹೂಗಳು ಸಾಕು. ಹೂವಿನ ಅಳತೆ 280 ಎಂದಿಟ್ಟರೆ ಉದ್ದದ ಬದಿಯಲ್ಲಿ ಹನ್ನೆರಡು ಹೂಗಳು ಮುಗಿದ ಮೇಲೆ 240 ಚುಕ್ಕಿಗಳ ಜಾಗ ಉಳಿಯುತ್ತದೆ. ಹದಿಮೂರನೆಯ ಹೂವು ತುಂಡಾಗಿ ನಿಲ್ಲುತ್ತದೆ. ಮೂಲೆಯ ಕಷ್ಟ ಇನ್ನೊಂದು ಬಗೆಯದು. ಮಲಗಿರುವ ಬಳ್ಳಿಯು ಮೂಲೆಗೆ ಬಂದಾಗ ಎದ್ದು ನಿಲ್ಲಬೇಕು. ಕಟ್ಟು ಹಾಕುವ ಬಡಗಿಯು ಮರದ ಪಟ್ಟಿಗಳ ತುದಿಗಳನ್ನು ನಲವತ್ತೈದು ಡಿಗ್ರಿ ಓರೆಯಾಗಿ ಕೊಯ್ದು ಒಂದಕ್ಕೊಂದು ಜೋಡಿಸುವಂತೆ, ಗಣಕದಲ್ಲಿಯೂ ಚಿತ್ತಾರವನ್ನು ಓರೆಯಾಗಿ ಕತ್ತರಿಸಿ, ಕನ್ನಡಿಯ ಬಿಂಬದಂತೆ ತಿರುಗಿಸಿ ಕೂಡಿಸಬೇಕು. ಬಡಗಿಯ ಜಾಣ್ಮೆಯನ್ನು ಗಣಕವು ರದ್ದುಮಾಡಿಲ್ಲ, ಎರವಲು ಪಡೆದಿದೆ.

ನಾಲ್ಕನೆಯದು ಬೆಳಕು ನೆರಳಿನ ಅಂಚು. ಅಂಚಿನ ಮೇಲಿನ ಮತ್ತು ಎಡಗಡೆಯ ಗೆರೆಗಳನ್ನು ಬೆಳ್ಳಗೆ ಮಾಡಿ, ಕೆಳಗಿನ ಮತ್ತು ಬಲಗಡೆಯ ಗೆರೆಗಳನ್ನು ಕಪ್ಪಾಗಿಸಿದರೆ ಚಪ್ಪಟೆಯಾದ ಕಾಗದದಲ್ಲಿಯೇ ಕೆತ್ತಿದ ಕಟ್ಟು ಎದ್ದು ನಿಂತಂತೆ ತೋರುತ್ತದೆ. ಬೆಳಕು ಮೇಲಿನಿಂದ ಬೀಳುತ್ತದೆಂದು ಕಣ್ಣು ಮೊದಲೇ ನಂಬಿರುವುದೇ ಇದಕ್ಕೆ ಕಾರಣ. ಚಿತ್ರದೊಳಗೆ ಸೂರ್ಯನು ಬಲಗಡೆಯಿಂದ ಬೆಳಗುತ್ತಿರುವಾಗ ಅಂಚಿನ ಬೆಳಕು ಎಡಗಡೆಯಿಂದ ಬಂದರೆ, ಏಕೆಂದು ಹೇಳಲಾಗದಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲವೆನಿಸುತ್ತದೆ.

ಗಿಂಪ್ ತಂತ್ರಾಂಶದಲ್ಲಿ ಇಂತಹ ಹಲವು ಅಲಂಕಾರಗಳನ್ನು ಸಿದ್ಧವಾಗಿಯೇ ಇಟ್ಟಿದ್ದಾರೆ. ಗುಂಡಿಯೊಂದನ್ನು ಒತ್ತಿದರೆ ಮೂಲೆಗಳು ದುಂಡಗಾಗುತ್ತವೆ. ಇನ್ನೊಂದನ್ನು ಒತ್ತಿದರೆ ಅಂಚು ಮಸುಕಾಗುತ್ತದೆ. ಮತ್ತೊಂದನ್ನು ಒತ್ತಿದರೆ ನಿನ್ನೆ ತೆಗೆದ ಚಿತ್ರವು ಕಂದುಬಣ್ಣಕ್ಕೆ ತಿರುಗಿ ಅಜ್ಜನ ಕಾಲದ ಚಿತ್ರದಂತೆ ಕಾಣುತ್ತದೆ. ಕಾಫಿಯ ಕಲೆಯನ್ನು ಬೀಳಿಸುವ ಗುಂಡಿಯೂ ಉಂಟು! ಇವೆಲ್ಲ ವಿನೋದಕ್ಕೆ ಚೆನ್ನ. ಆದರೆ ಹೊಸ ಚಿತ್ರಕ್ಕೆ ಹಳೆಯದರ ವೇಷ ಹಾಕಿ ಅದನ್ನು ಹಳೆಯದೆಂದೇ ಇತರರಿಗೆ ಕೊಟ್ಟರೆ ವಿನೋದವು ವಂಚನೆಯಾಗುತ್ತದೆ. ಅಲಂಕರಿಸಿದ ಚಿತ್ರದ ಜೊತೆಗೆ ಅದನ್ನು ತೆಗೆದ ವರ್ಷವನ್ನು ಬರೆದಿಡುವುದು ಈ ದೋಷಕ್ಕೆ ಸುಲಭವಾದ ಪರಿಹಾರ.

ಅಂಚಿಗೆ ಮಾತೂ ಉಂಟು ಎಂಬುದನ್ನು ಮರೆಯಬಾರದು. ಮದುವೆಯ ಕರೆಯೋಲೆಗೆ ಅರಿಸಿನ ಕುಂಕುಮದ ಬಣ್ಣದ ಅಂಚು ಒಪ್ಪುತ್ತದೆ. ವೃತ್ತಪತ್ರಿಕೆಯಲ್ಲಿ ಒಬ್ಬರ ಭಾವಚಿತ್ರದ ಸುತ್ತ ದಪ್ಪನೆಯ ಕಪ್ಪು ಗೆರೆ ಕಂಡರೆ, ಅಕ್ಷರ ಓದುವ ಮೊದಲೇ ಸಾವಿನ ಸುದ್ದಿಯೆಂದು ಮನಸ್ಸು ಅಳುಕುತ್ತದೆ. ಗಂಧದ ಹಾರ ಹಾಕಿದ ಗೋಡೆಯ ಪಟವೂ ಅದನ್ನೇ ಹೇಳುತ್ತದೆ. ಅಂದವಾಗಿದೆಯೆಂದು ಬದುಕಿರುವ ಅಜ್ಜಿಯ ಚಿತ್ರಕ್ಕೆ ಮೊಮ್ಮಗನು ಕಪ್ಪು ಅಂಚು ಕಟ್ಟಿಕೊಟ್ಟರೆ ಅಜ್ಜಿ ನಕ್ಕು ಸುಮ್ಮನಾಗಬಹುದು. ಮನೆಯ ಉಳಿದ ಹಿರಿಯರು ಸುಮ್ಮನಾಗಲಾರರು. ಬೇರೆ ದೇಶಗಳಲ್ಲಿ ಕಪ್ಪು ಅಂಚಿಗೆ ಬೇರೆಯ ಅರ್ಥವೂ ಇರುವುದುಂಟು. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸೋನ್‌ನ ಚಿತ್ರಗಳ ಸುತ್ತ ತೆಳುವಾದ ಕಪ್ಪು ಗೆರೆಯಿರುತ್ತದೆ. ಚಿತ್ರದ ಯಾವ ಬದಿಯನ್ನೂ ಕತ್ತರಿಸಿಲ್ಲ, ಕ್ಯಾಮರಾ ಕಂಡಷ್ಟನ್ನೂ ಕೊಟ್ಟಿದೆ ಎಂಬುದಕ್ಕೆ ಆ ಗೆರೆಯೇ ಸಾಕ್ಷಿ.

ಕತ್ತರಿಸದಿರುವುದು ಏಕೆ ಮುಖ್ಯವೆಂಬುದು ಹಳೆಯ ಚಿತ್ರಗಳ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಶಾಲೆಯ ಗುಂಪುಚಿತ್ರವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿಂದಿನ ಕಾಲದ ಗುಂಪುಚಿತ್ರಗಳನ್ನು ಬೂದು ಬಣ್ಣದ ರಟ್ಟಿಗೆ ಅಂಟಿಸಿ, ರಟ್ಟಿನ ಮೇಲ್ಭಾಗದಲ್ಲಿ ಶಾಲೆಯ ಹೆಸರನ್ನೂ ವರ್ಷವನ್ನೂ, ಕೆಳಭಾಗದಲ್ಲಿ ಕುರ್ಚಿಯ ಮೇಲೆ ಕುಳಿತವರು ಯಾರು, ನಿಂತವರು ಯಾರು ಎಂಬುದನ್ನು ಎಡದಿಂದ ಬಲಕ್ಕೆ ಹೆಸರು ಹಿಡಿದು ಮುದ್ರಿಸುತ್ತಿದ್ದರು. ಅಂತಹ ರಟ್ಟು ಮಾಸಿ, ಮೂಲೆಗಳು ಸವೆದು, ಗೆದ್ದಲಿನ ಗುರುತು ಬಿದ್ದಿರುತ್ತದೆ. ಅದನ್ನು ಸ್ಟುಡಿಯೋಕ್ಕೆ ಕೊಟ್ಟಾಗ ಚಿತ್ರವಷ್ಟನ್ನೇ ಸ್ಕ್ಯಾನ್ ಮಾಡಿ, ಕೊಳೆಯಾದ ರಟ್ಟನ್ನು ಬಿಟ್ಟು, ಸುತ್ತ ಗುಲಾಬಿ ಹೂಗಳ ಹೊಸ ಅಂಚನ್ನು ಕಟ್ಟಿದರೆ ನೋಡಲು ಬಲು ಚೆನ್ನಾಗಿರುತ್ತದೆ. ಹತ್ತು ವರ್ಷಗಳ ಮೇಲೆ ಅದನ್ನು ಕೈಗೆತ್ತಿಕೊಂಡವರು, ಎರಡನೆಯ ಸಾಲಿನಲ್ಲಿ ನಿಂತಿರುವ ಈ ಹುಡುಗಿ ಯಾರು ಎಂದು ಕೇಳಿದರೆ ಹೇಳುವವರಿರುವುದಿಲ್ಲ. ಹೆಸರುಗಳು ಇದ್ದುದು ಅಂಚಿನಲ್ಲಿ. ಕೊಳೆಯೆಂದು ಬಿಟ್ಟ ಆ ಅಂಚೇ ಚಿತ್ರದ ನೆನಪಾಗಿತ್ತು.

ಚಿತ್ರದ ಒಳಗಿನ ಬದಿಗಳಲ್ಲಿಯೂ ಇಂತಹ ಸಂಪತ್ತು ಇರುತ್ತದೆ. ಕೆಂಗೇರಿ ಹಿಂದೆ ತನ್ನದೇ ಪುರಸಭೆಯಿದ್ದ ಊರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದು ನಗರದೊಳಗೆ ಸೇರಿತು. 2021ರಲ್ಲಿ ಮೆಟ್ರೋ ರೈಲು ಅಲ್ಲಿಗೆ ತಲುಪಿತು. ನಗರದ ಅಂಚಿನಲ್ಲಿದ್ದ ಇಂತಹ ಊರುಗಳ ಹಳೆಯ ರೂಪವನ್ನು ಯಾರೂ ಬೇಕೆಂದೇ ಚಿತ್ರಿಸಿಕೊಂಡಿರುವುದು ಕಡಿಮೆ. ಹೊಸ ಮನೆಯ ಗೃಹಪ್ರವೇಶದಂದು ಬಾಗಿಲ ಮುಂದೆ ನಿಂತ ಕುಟುಂಬವೊಂದರ ಚಿತ್ರದಲ್ಲಿ, ಎಡಗಡೆಯ ಮೂಲೆಯೊಳಗೆ ಖಾಲಿ ನಿವೇಶನ, ಬಲಗಡೆ ಒಂದು ಬಾವಿ, ಹಿಂದೆ ರಾಗಿಯ ಹೊಲ ಅಕಸ್ಮಾತ್ತಾಗಿ ಸೆರೆಸಿಕ್ಕಿರಬಹುದು. ತೆಗೆದವನು ಅವುಗಳ ಕಡೆಗೆ ಗಮನವನ್ನೇ ಕೊಟ್ಟಿರಲಾರನು. ಆದರೆ ಬಡಾವಣೆಯ ಚರಿತ್ರೆಯನ್ನು ಬರೆಯುವವನಿಗೆ ನಡುವಿನ ಮುಖಗಳಿಗಿಂತ ಆ ಮೂಲೆಗಳೇ ಬೇಕಾಗಬಹುದು. ಮೊಟ್ಟೆಯಾಕಾರದ ಮಸುಕು ಅಂಚು ಮೊದಲು ನುಂಗುವುದು ಆ ನಾಲ್ಕು ಮೂಲೆಗಳನ್ನೇ.

ಹಾಗೆಂದು ಅಲಂಕಾರವೇ ಬೇಡವೆನ್ನಬೇಕಾಗಿಲ್ಲ. ಅಲಂಕಾರದ ಆಸೆ ಮನುಷ್ಯಸಹಜವಾದುದು; ಮಾಸಿದ ಚಿತ್ರಕ್ಕೆ ಹೊಸ ಅಂಚು ಕಟ್ಟಿಸುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆ ಪ್ರೀತಿಯ ಜೊತೆಗೆ ಒಂದಿಷ್ಟು ಕ್ರಮವೂ ಇರಬೇಕು. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡುವಾಗ ರಟ್ಟಿನ ಕೊನೆಯ ಅಂಗುಲದವರೆಗೂ ಮಾಡಬೇಕು. ಬೆನ್ನಿನಲ್ಲಿ ಮಸಿಯಿಂದ ಬರೆದ ಹೆಸರೋ ತಾರೀಖೋ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಬೇಕು. ಈ ಮೊದಲ ಕಡತವನ್ನು ಹಾಗೆಯೇ ತೆಗೆದಿಟ್ಟು, ಬೇರೆ ಹೆಸರಿನ ಪ್ರತಿಯ ಮೇಲೆ ಅಲಂಕಾರ ಮಾಡಬೇಕು. ಗಿಂಪ್‌ನ ಕೆಲವು ಸಿದ್ಧ ಅಲಂಕಾರಗಳಿಗೆ ಪ್ರತಿಯ ಮೇಲೆಯೇ ಕೆಲಸ ಮಾಡುವ ಸೌಲಭ್ಯವಿರುವುದು ಈ ಕಾರಣದಿಂದಲೇ. ಅಂಚನ್ನು ಕಟ್ಟುವಾಗ ಬಯಲನ್ನು ಹಿಗ್ಗಿಸಿ ಚಿತ್ರದ ಹೊರಗೆ ಕಟ್ಟಬೇಕೇ ಹೊರತು ಒಳಗೆ ಅಲ್ಲ. ಗುಂಪುಚಿತ್ರದ ಹೆಸರುಗಳನ್ನು ಹೊಸ ಅಂಚಿನ ಕೆಳಭಾಗದಲ್ಲಿ ಮತ್ತೆ ಅಚ್ಚುಕಟ್ಟಾಗಿ ಬರೆದರೆ ಅಲಂಕಾರವೂ ಆಯಿತು, ಹಳೆಯ ರಟ್ಟಿನ ಕೆಲಸವೂ ನಡೆಯಿತು.

ಕಡತವನ್ನು ಉಳಿಸುವ ಬಗೆಯಲ್ಲಿಯೂ ಎಚ್ಚರ ಬೇಕು. ‘ಜೆಪೆಗ್’ ಎಂಬ ಬಗೆಯು ಕಡತವನ್ನು ಚಿಕ್ಕದು ಮಾಡುವುದಕ್ಕಾಗಿ ಕಣ್ಣಿಗೆ ಕಾಣದೆಂದು ತೋರಿದ ವಿವರಗಳನ್ನು ಬಿಟ್ಟುಬಿಡುತ್ತದೆ. ಒಮ್ಮೆ ಬಿಟ್ಟರೆ ನಷ್ಟ ತಿಳಿಯುವುದಿಲ್ಲ. ತೆರೆದು ತಿದ್ದಿ ಮತ್ತೆ ಮತ್ತೆ ಉಳಿಸಿದರೆ, ನಕಲಿನ ನಕಲು ತೆಗೆದಂತೆ ಚಿತ್ರ ಕೆಡುತ್ತಾ ಹೋಗುತ್ತದೆ. ಪದರಗಳನ್ನೂ ಅದು ಉಳಿಸುವುದಿಲ್ಲ. ಅಂಚೂ ಚಿತ್ರವೂ ಅಂಟಿಕೊಂಡು ಒಂದೇ ಹಾಳೆಯಾಗುತ್ತವೆ. ‘ಪಿ.ಎನ್.ಜಿ.’ ಎಂಬ ಬಗೆಯಲ್ಲಿ ವಿವರಗಳು ನಷ್ಟವಾಗುವುದಿಲ್ಲ. ದುಂಡು ಮೂಲೆಗಳ ಹೊರಗಿನ ಜಾಗ ಗಾಜಿನಂತೆ ಪಾರದರ್ಶಕವಾಗಿಯೂ ಉಳಿಯುತ್ತದೆ. ಪದರಗಳು ಬೇರೆ ಬೇರೆಯಾಗಿಯೇ ಉಳಿಯಬೇಕಾದರೆ ತಂತ್ರಾಂಶದ ಸ್ವಂತ ಬಗೆಯಲ್ಲಿ ಒಂದು ಕಡತವನ್ನು ಇಟ್ಟುಕೊಳ್ಳಬೇಕು. ಅಚ್ಚಿಗೂ ಬಂಧುಗಳಿಗೆ ಕಳುಹಿಸುವುದಕ್ಕೂ ಮಾತ್ರ ಜೆಪೆಗ್ ಸಾಕು.

ಗಣಕಯಂತ್ರವು ಅಂಚು ಕಟ್ಟುವ ಕೆಲಸವನ್ನು ಸುಲಭ ಮಾಡಿದೆ, ಅಗ್ಗವನ್ನೂ ಮಾಡಿದೆ. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೇ ಮಕ್ಕಳು ಅದನ್ನು ಮಾಡಬಲ್ಲರು. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ತೀರ್ಮಾನವನ್ನು ಯಂತ್ರವು ಮಾಡಲಾರದು. ಗುಂಡಿಯನ್ನು ಒತ್ತಿದರೆ ಅದು ಗುಲಾಬಿಯನ್ನು ಕೂಡಿಸುತ್ತದೆ. ಗುಲಾಬಿಯ ಅಡಿಯಲ್ಲಿ ಯಾರ ಹೆಸರಿತ್ತೆಂದು ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದವನು ಗುಂಡಿಯ ಮೇಲೆ ಬೆರಳಿಟ್ಟವನು. ಹಳೇಬೀಡಿನ ಪಟ್ಟಿಕೆಯಲ್ಲಿಯೂ ಇಳಕಲ್ಲಿನ ಸೀರೆಯಲ್ಲಿಯೂ ಕಾಣುವ ವಿವೇಕ ಈ ಹೊಸ ಕಲೆಗೂ ಬೇಕು. ಚಿತ್ರಕ್ಕೆ ಸೇರಿದ ಯಾವುದನ್ನೂ ಕಸಿದುಕೊಳ್ಳದೆ, ತನ್ನ ಮೇರೆಯಲ್ಲಿ ನಿಂತು, ಒಳಗಿರುವುದರ ಕಡೆಗೆ ಕಣ್ಣನ್ನು ಕರೆದೊಯ್ಯುವ ಅಂಚೇ ಮರ್ಯಾದೆಯುಳ್ಳ ಅಂಚು.